ಮುಚ್ಚಳ ತೆಗೆದ ಮಾವ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಮನೆಯಲ್ಲಿ ಬೆಳ್ಳಿಯಿತ್ತು, ಬಂಗಾರವಿತ್ತು. ಅವನ ಜೀವ ಇದ್ದದ್ದು ಮಾತ್ರ ಒಂದು ಹಳೇ ಸಿಡಿ ಪ್ಲೇಯರಿನಲ್ಲಿ. ಮುಂದೆ ಕೂತ ತಾಯಿ, ನಗಬೇಡಿ. ತೀರಿಕೊಂಡ ಹೆಂಡತಿ ಮನೆಪಾಠ ಹೇಳಿ ಸ್ವಂತ ಸಂಪಾದನೆಯಲ್ಲಿ ತಂದಿದ್ದ ವಸ್ತು ಅದು. ಬೆಳಿಗ್ಗೆ ಹೂ ಕಟ್ಟುತ್ತ ಆಕೆ ಅದರಲ್ಲಿ ದೇವರನಾಮ ಕೇಳುತ್ತಿದ್ದರು. ಆಕೆ ಹೋದ ಮೇಲೆ ಇವನು ಕೇಳುತ್ತಿದ್ದ.

ಒಂದು ದಿನ ಅದು ಹಾಡಲಿಲ್ಲ. ಗುಂಡಿ ಒತ್ತಿದರೆ ಸಿಡಿ ಇಡುವ ತಟ್ಟೆ ಅರ್ಧ ಹೊರಗೆ ಬಂದು ಗರಗರ ಅಂತ ನಿಂತುಬಿಡುತ್ತಿತ್ತು. ಕೈಯಲ್ಲಿ ಒಳಗೆ ತಳ್ಳಿದರೆ, ಇಟ್ಟ ಸಿಡಿಯನ್ನೇ ಇಲ್ಲ ಅನ್ನುತ್ತಿತ್ತು.

ಕೆಟ್ಟಿತು, ಸರಿ. ಮನೆಯಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಯಾರನ್ನು ಹುಡುಕುತ್ತೇವೆ, ಹೇಳಿ? ರಿಪೇರಿ ಮಾಡುವವರನ್ನಾ? ಅಲ್ಲ. ಕೆಡಿಸಿದವರನ್ನು.

ಆ ಮನೆಯಲ್ಲಿ ಧೂಳು ಒರೆಸುತ್ತಿದ್ದವಳು ಸೊಸೆ. ಅವನಿಗೆ ಅಷ್ಟೇ ಸಾಕಾಯಿತು. ಅಂದು ಸೊಸೆಯ ತಾಯಿ ಮಗಳನ್ನು ನೋಡಲು ಬಂದು ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರೆದುರಿಗೇ ಅಂದ: “ಬೀಗಿತ್ತಿಯವರೇ, ನಿಮ್ಮ ಮಗಳು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಒಳಗೆ ನೀರಿಳಿಸಿದ್ದಾಳೆ. ಒಂದು ವಸ್ತು ಜೋಪಾನ ಮಾಡೋದನ್ನ ನಿಮ್ಮ ಮನೇಲಿ ಕಲಿಸಲಿಲ್ವಾ?”

“ಒಣ ಬಟ್ಟೆ ಮಾವ,” ಅಂದಳು ಸೊಸೆ.

“ನೀನು ಸುಮ್ಮನಿರು.”

ಆ ತಾಯಿ ಲೋಟ ಕೆಳಗಿಟ್ಟರು. ಅರ್ಧ ಕಾಫಿ ಹಾಗೇ ಇತ್ತು. ಕುಂಕುಮ ಕೂಡ ತೆಗೆದುಕೊಳ್ಳದೆ ಹೊರಟವರು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಅಂಗಡಿಯವರು, “ಇದರ ಕಾಲ ಮುಗೀತು ಯಜಮಾನರೇ, ಎಸೆದುಬಿಡಿ” ಅಂದರು. ಇವನಿಗೆ ರೇಗಿತು. ಹುಟ್ಟಿದಾಗಿನಿಂದ ಸ್ಕ್ರೂಡ್ರೈವರ್ ಹಿಡಿದವನಲ್ಲ, ಫೋನಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಬಿಚ್ಚಲು ಕೂತ. ಒಳಗೆ ನೀರಿನ ಕಲೆ ಇದ್ದೇ ಇರುತ್ತದೆ, ಸೊಸೆಗೆ ತೋರಿಸಬೇಕು ಅನ್ನುವುದೂ ಮನಸ್ಸಿನಲ್ಲಿತ್ತು. ಮೊದಲನೇ ಸ್ಕ್ರೂ ಉರುಳಿ ಮೇಜಿನಡಿಗೆ ಹೋಯಿತು. ಎರಡನೆಯದರ ತಲೆ ಸವೆಯಿತು.

ಆಗ ಸೊಸೆ ಏನು ಮಾಡಿದಳು, ನೋಡಿ. ಒಗ್ಗರಣೆ ಡಬ್ಬಿ ಖಾಲಿ ಮಾಡಿ, ಒರೆಸಿ, ತಂದಿಟ್ಟಳು. “ಮಾವ, ಮೇಲಿನ ಸ್ಕ್ರೂ ಒಂದು ಬಟ್ಟಲಿಗೆ ಹಾಕಿ, ಪಕ್ಕದ್ದು ಇನ್ನೊಂದಕ್ಕೆ. ಜೋಡಿಸುವಾಗ ಅದಲುಬದಲಾಗಲ್ಲ.” ಬಗ್ಗಿ, ಉರುಳಿದ್ದನ್ನೂ ಹುಡುಕಿ ಕೊಟ್ಟಳು. ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಳು. ಬೈದವರಿಗೇ ಬೆಳಕು ಹಿಡಿಯುವುದು ಸುಲಭವಾ? ಅವನು ಅದನ್ನು ಗಮನಿಸಲೂ ಇಲ್ಲ.

ಮುಚ್ಚಳ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

ನೀರಿರಲಿಲ್ಲ. ಅಕ್ಷತೆ ಇತ್ತು. ಹಲ್ಲು ಹಲ್ಲಿನ ಚಕ್ರದ ಸಂದಿಯಲ್ಲಿ ಅರಿಸಿನದ ಅಕ್ಷತೆ. ಸಿಡಿ ಓದುವ ಪುಟ್ಟ ಗಾಜಿನ ಕಣ್ಣಿನ ಮೇಲೆ ಕುಂಕುಮ. ಅದರ ಪಕ್ಕ ಒಣಗಿದ ಸೇವಂತಿಗೆ ಎಸಳು.

ಆಯುಧಪೂಜೆಗೆ ನಾವೆಲ್ಲ ಯಂತ್ರದ ಮೇಲೆ ಕುಂಕುಮ ಇಡುತ್ತೇವೆ. ಇವನಿಗೆ ಅದು ಸಾಲದು. ಹೆಂಡತಿಯ ವಸ್ತುವಲ್ಲವೇ? ವರ್ಷ ವರ್ಷವೂ ತಟ್ಟೆ ತೆರೆಸಿ, ಒಳಗೂ ಕುಂಕುಮ, ಅಕ್ಷತೆ, ಹೂವು ಹಾಕಿ ಮುಚ್ಚುತ್ತಿದ್ದ. ಆ ಪೂಜೆಗೆ ಬೇರೆಯವರ ಕೈ ಸೋಕಿಸುತ್ತಿರಲಿಲ್ಲ. ಕೆಡಿಸಿದ್ದು ಇವನೇ. ಕೈ ಮುಗಿದು ಮುಗಿದು ಕೆಡಿಸಿದ್ದ.

ಅವನಿಗೆ ಸೊಸೆಯ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳೂ ಒಳಗಿದ್ದದ್ದನ್ನು ಕಂಡಿದ್ದಳು. ಬತ್ತಿ ಹೊಸೆಯುವ ಹತ್ತಿ ತಂದಳು. “ಮೆತ್ತಗೆ ಒರೆಸಿ ಮಾವ.”

ಹಾಡಿತಾ ಅಂತ ಕೇಳುತ್ತೀರಿ. ಹಾಡಿತು. ಆದರೆ ಕಥೆ ಮುಗಿಯಲಿಲ್ಲ.

ಅವನು ಅಡುಗೆಮನೆ ಬಾಗಿಲಿಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ, “ತಪ್ಪು ನನ್ನದಮ್ಮ” ಅಂದ. ದೊಡ್ಡವನು ಇಷ್ಟಾದರೂ ಅಂದೆನಲ್ಲ ಅಂತ ತನಗೇ ಸಮಾಧಾನ.

ಸೊಸೆ ಹಿಟ್ಟು ಕಲಸುತ್ತಲೇ ಹೇಳಿದಳು: “ನನಗೆ ಹೇಳಿದ್ರಿ ಮಾವ, ಸಂತೋಷ. ಆದ್ರೆ ಅವತ್ತು ಬೈದಿದ್ದು ನಮ್ಮಮ್ಮನ ಎದುರಿಗೆ. ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳ್ತಾಳೆ, ಒದ್ದೆ ಬಟ್ಟೇಲಿ ಯಾಕೆ ಒರೆಸಿದ್ಯೇ ಅಂತ.”

ಅವನಿಗೆ ಅಕ್ಷತೆ ಕಂಡಾಗಿನ ಗಾಬರಿ ಇದರ ಮುಂದೆ ಏನೂ ಅಲ್ಲ. ಇವನ ಒಂದು ಮಾತನ್ನು ನಂಬಿ, ಹೆತ್ತ ತಾಯಿಯೇ ಮಗಳನ್ನು ನಂಬುವುದು ಬಿಟ್ಟಿದ್ದರು.

ಅಂಗಿ ಹಾಕಿಕೊಂಡವನೇ ಬೀಗಿತ್ತಿಯ ಮನೆಗೆ ನಡೆದ. ಅಲ್ಲಿ ನೆಂಟರಿದ್ದರು. “ಒಳಗೆ ಬನ್ನಿ, ಮಾತಾಡೋಣ” ಅಂದರು ಆಕೆ. “ಬೇಡ, ಇವರೂ ಕೇಳಲಿ. ನಿಮ್ಮ ಮಗಳು ಕೆಡಿಸಲಿಲ್ಲ. ನಾನು ಕೆಡಿಸಿದೆ, ಅವಳ ಮೇಲೆ ಹಾಕಿದೆ.”

ಈಗ ನಿಮ್ಮನ್ನು ಕೇಳುತ್ತೇನೆ. ಬೈಯುವಾಗ ನಮಗೆ ನಡುಮನೆ ಬೇಕು, ನಾಲ್ಕು ಜನ ಬೇಕು. ತಪ್ಪೊಪ್ಪುವಾಗ ಮಾತ್ರ ಯಾಕೆ ಅಡುಗೆಮನೆಯ ಮೂಲೆ? ಕೆಲಸದವಳ ಮೇಲೆ, ತಮ್ಮನ ಮೇಲೆ, ಅತ್ತಿಗೆಯ ಮೇಲೆ ನೀವು ಹೊರಿಸಿದ ಮಾತು ಯಾರ ಯಾರ ಕಿವಿಗೆ ಬಿದ್ದಿದೆ, ನೆನಪು ಮಾಡಿಕೊಳ್ಳಿ. ಅಷ್ಟೂ ಕಿವಿಗಳಿಗೆ ಸರಿಯಾದ ಮಾತು ಮುಟ್ಟಬೇಕು. ಅಲ್ಲಿಯವರೆಗೆ ನಿಮ್ಮ ಕ್ಷಮೆ ಅರ್ಧ ಕ್ಷಮೆ. ಇನ್ನು ಮೇಲೆ, ಸಿಟ್ಟು ಬಂದಾಗ ಎದುರಿಗೆ ಮೂರನೆಯವರಿದ್ದರೆ, ಅವರು ಹೋಗುವ ತನಕ ಬಾಯಿಗೆ ಬೀಗ ಹಾಕಿ. ಅಷ್ಟರಲ್ಲಿ ನಿಜ ಹೊರಗೆ ಬಂದರೂ ಬರಬಹುದು.

ಪ್ರಸಾದ ಸಿದ್ಧವಾಗಿದೆ. ಯಾರಿಗಾದರೂ ಫೋನು ಮಾಡಬೇಕು ಅನ್ನಿಸಿದವರು ಮೊದಲು ಹೊರಗೆ ಹೋಗಿ ಮಾಡಿ ಬನ್ನಿ. ತಡವಾದರೆ ಪರವಾಗಿಲ್ಲ, ನಿಮ್ಮ ಪಾಲು ಎತ್ತಿಡುತ್ತೇನೆ.