ತರಿ ಉಳಿಸದ ಬ್ಲೆಂಡರ್

ಬೇಸಿಗೆ ಆಗಷ್ಟೇ ಶುರುವಾಗಿತ್ತು, ಬೆಳಿಗ್ಗೆ ಹನ್ನೊಂದರ ಹೊತ್ತು. ನನ್ನ ಹಳೇ ಮಿಕ್ಸಿಯನ್ನು ರಿಪೇರಿಗೆ ಕೊಟ್ಟು ಅಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಎರಡು ದುಬಾರಿ ಬ್ಲೆಂಡರ್‌ ಮುಂದಿಟ್ಟುಕೊಂಡು ನಿಂತಿದ್ದರು. ಗಂಡನ ಕುತ್ತಿಗೆಯ ಮೇಲೆ ಆಪರೇಷನ್ ಆದ ಗುರುತಿತ್ತು.

"ದೊಡ್ಡದೇ ಇರ್ಲಿ ರೀ. ಒಂದು ತರಿನೂ ಉಳಿಯಲ್ವಂತೆ."

"ಚಿಕ್ಕದು ತಗೊಳ್ಳೇ, ಸ್ವಲ್ಪ ತರಿ ಉಳಿಸುತ್ತೆ. ಹಲ್ಲಿಗೆ ಏನಾದ್ರೂ ಸಿಕ್ಕಿ ಐದು ತಿಂಗಳಾಯ್ತು."

"ಗಂಟಲಲ್ಲಿ ಸಿಕ್ಕೊಂಡ್ರೆ? ಡಾಕ್ಟ್ರು ಹೇಳಿದ್ದು ಮರೆತ್ರಾ?"

"ಒಂದೇ ಒಂದು ಕಡಲೆಬೀಜ ಕಟಂ ಅಂತ ಕಡೀಬೇಕು ಕಣೇ. ಅಷ್ಟೇ ಆಸೆ."

"ನನಗಿಲ್ವಾ ಆಸೆ? ದೊಡ್ಡದಕ್ಕೆ ಏಳು ವರ್ಷ ಗ್ಯಾರಂಟಿ ಇದೆ."

"ಏಳು ವರ್ಷ ಹೀಗೇ ಎಲ್ಲಾ ಅರೆದು ಕುಡ್ಕೊಂಡಿರ್ಲಾ?"

"ಅರೆದು ಕುಡ್ಕೊಂಡಾದ್ರೂ ಇರಿ."

ಗಂಡ ದೊಡ್ಡದರ ಡಬ್ಬವನ್ನು ಎತ್ತಿಕೊಂಡ. ಇಬ್ಬರೂ ಹೊರಟುಹೋದರು.