ತರಫ್ದಾರ್ ಸಾಹೇಬರು ಕಲಿಸಿದ ಅಳು

...ಅಯ್ಯೋ, ಅಲುಗಾಡಬೇಡವೋ ಪಲ್ಟು! ಹೆಣ ನೀನು. ಸತ್ತ ಪೊಲೀಸು, ನನ್ನ ಮಗ ಸುಬೀರ್. ಹೊಟ್ಟೆ ಹೀಗೆ ಕುಣೀತಿದ್ರೆ ಡೈರೆಕ್ಟರು ನನ್ನನ್ನೇ ಬೈತಾನೆ, "ಮಾಶಿ, ಹೆಣಾನ ಯಾಕೆ ನಗಿಸ್ತೀರಿ" ಅಂತ... ಏನು? ಇರುವೆನಾ? ಎಲ್ಲಿ, ಕತ್ತಿನ ಹಿಂದೆನಾ? ತಡಿ ತಡಿ, ತೆಗೀತೀನಿ. ಹಾಂ... ಹೋಯ್ತು. ಮಲಗು. ಆ ಮೋಡ ಸರಿಯೋ ತನಕ ಕ್ಯಾಮೆರಾ ತಿರುಗಲ್ಲ. ತಲೆ ನನ್ನ ತೊಡೆ ಮೇಲೇ ಇರ್ಲಿ, ಭಾರವೇನಿಲ್ಲ.

ಎಷ್ಟು ಸಲ ಆಯ್ತೋ! ಪ್ರತಿ ಸಲಾನೂ "ಕಟ್"! ನನಗೆ ಅಳೋಕೆ ಬರಲ್ವಂತೆ. ನನಗೆ! ನಾಟಕ ಕಂಪನೀಲಿ ಬೀಥಿಕಾ ಅಂದ್ರೆ, ಬರ್ದ್ವಾನಿಂದ ಬಾಂಕುಡಾ ತನಕ ಜನ ಸೆರಗು ಒದ್ದೆ ಮಾಡ್ಕೊಂಡು ಮನೆಗೆ ಹೋಗ್ತಿದ್ರು. ಯಾರ್ಯಾರ ಗಂಡಂದಿರಿಗೋ ಅತ್ತಿದ್ದೀನಿ ನಾನು!... ಯಾಕೋ ನಗ್ತೀಯ?

ಓ, ಅದಕ್ಕಾ. ತರಫ್ದಾರ್ ಸಾಹೇಬ್ರು ಪಾಠ ಹೇಳಿದ್ರಲ್ಲ, ಅದಕ್ಕೆ. ನಗು, ನಗು. ರಿಟೈರಾದ ಪೊಲೀಸ್ ಅಧಿಕಾರಿ, ಹೀರೋಗೆ ಪಿಸ್ತೂಲು ಹಿಡಿಯೋದು ಕಲಿಸೋಕೆ ಕರ್ಕೊಂಡ್ಬಂದಿದ್ದು. ಆತ ನನಗೆ ಅಳು ಕಲಿಸ್ತಾನೆ! "ನೋಡಿ ದೀದಿ, ಎಷ್ಟೋ ತಾಯಂದಿರನ್ನ ಕಂಡಿದ್ದೀನಿ. ಮೊದಲು ಎದೆ ಬಡ್ಕೋತಾರೆ, ಆಮೇಲೆ ಹೆಣದ ಮೇಲೆ ಬೀಳ್ತಾರೆ, ಆಮೇಲೆ ಚೀರ್ತಾರೆ. ಅದು ಕ್ರಮ." ಕ್ರಮವಂತೆ! "ಅಳದೆ ನಿಂತವಳು ಅಂದ್ರೆ ಒಬ್ಬಳೇ, ಒಣಗಿದ ಕೊರಡಿನ ಹಾಗೆ. ಮಗ ಎಂಥವನು ಅಂತ ಗೊತ್ತಿದ್ದವಳು ಹೇಗೆ ಅಳ್ತಾಳೆ?" ಅಂದ. ಎಲ್ರೂ ತಲೆ ಆಡಿಸಿದ್ರು. ನೀನೂ ಆಡಿಸಿದೆ, ಹೆಣವಾಗಿದ್ರೂ!

ಅತ್ತು ಮುಗಿಸಿದ ಮೇಲೆ ನಾನು ಹೇಳ್ಬೇಕಾದ ಮಾತು ನೋಡು. ಹೀರೋ ಕೈ ಹಿಡ್ಕೊಂಡು, "ಕೋರ್ಟು ಬೇಡ, ವಿಚಾರಣೆ ಬೇಡ, ನನ್ನ ಸುಬೀರನ್ನ ಕೊಂದವರನ್ನ ನೀನೇ ಮುಗಿಸು!" ದುರ್ಗಾಪೂಜೆಗೆ ಬಿಡುಗಡೆ. ಥಿಯೇಟರ್ ತುಂಬ ಶಿಳ್ಳೆ... ಹೂಂ, ಗೊತ್ತಪ್ಪಾ, ಸಿನಿಮಾ ಅಂದ್ರೆ ಹಾಗೇ. ನಾನೇನು ಬೇಡ ಅಂದ್ನಾ?

ಆದ್ರೆ ಹಾಗೆ ಪೊಲೀಸರ ಕೈಲಿ ಮುಗಿದ ಒಬ್ಬ ಹುಡುಗನ್ನ ನಾನು ಬಲ್ಲೆ. ನಮ್ಮ ಪಕ್ಕದ ಮನೆಯವಳ ಮಗ. ಘೋತನ್ ಅಂತ. ಸೆಣಬಿನ ಮಿಲ್ಲಿನ ಓಣೀಲಿ ಟೋಟೋ ರಿಕ್ಷಾ ಓಡಿಸ್ತಿದ್ದ... ಇಲ್ಲಪ್ಪಾ, ಗೂಂಡಾ ಎಲ್ಲಿ ಬಂತು! ಗೂಂಡಾ ಘೋತನ್ ಬೇರೆ. ರೈಲು ಹಳಿ ಆಚೆ ಇದ್ದ, ಬಾಂಬು ಕಟ್ಟೋನು. ಪೊಲೀಸರಿಗೆ ಘೋತನ್ ಬೇಕಿತ್ತು. ಘೋತನ್ ಸಿಕ್ಕ. ಅಷ್ಟೇ.

ಸಲೂನಲ್ಲಿ ಕೂತಿದ್ನಂತೆ. ಮಾರನೇ ದಿನ ಹೆಣ್ಣು ನೋಡೋಕೆ ಹೋಗ್ಬೇಕಿತ್ತು, ಗಡ್ಡ ಮಾಡಿಸ್ಕೊಳ್ತಿದ್ದ. ಅರ್ಧ ಆಗಿತ್ತು. ಹಾಗೇ ಎಳ್ಕೊಂಡು ಹೋದ್ರು. ಬೆಳಗ್ಗೆ ಪೇಪರಲ್ಲಿ ಏನು ಬಂತು ಗೊತ್ತಾ? ಇಟ್ಟಿಗೆ ಗೂಡಿನ ಹತ್ರ ಗುಂಡಿನ ಚಕಮಕಿ, ಕುಖ್ಯಾತ ಪಾತಕಿ ಖತಂ! ಅರ್ಧ ಗಡ್ಡ ಬೋಳಿಸ್ಕೊಂಡು ಯಾರಾದ್ರೂ ಗುಂಡಿನ ಕಾಳಗಕ್ಕೆ ಹೋಗ್ತಾರೇನೋ? ಹೇಳು!... ಹೂಂ, ನಗು ಬರತ್ತೆ. ಶವಾಗಾರದಲ್ಲೂ ಯಾರೋ ನಕ್ರು. "ಪಾಪ, ಯಮ ಕ್ಷೌರ ಮುಗಿಸೋಕೂ ಬಿಡ್ಲಿಲ್ಲ" ಅಂತ.

ತಾಯಿನ ಕರೆಸಿದ್ರು. ಬಟ್ಟೆ ಸರಿಸಿದ್ರು. ಒಂದು ಕೆನ್ನೆ ನುಣ್ಣಗೆ. ಇನ್ನೊಂದರ ಮೇಲೆ ಸೋಪಿನ ನೊರೆ ಒಣಗಿ, ಸುಣ್ಣದ ಥರ ಅಂಟಿತ್ತು. ಅದನ್ನ ನೋಡಿದ್ದೇ ಅವಳಿಗೆ ಅಳು ಗಿಳು ಏನೂ ನೆನಪಾಗ್ಲಿಲ್ಲ. ಒಂದೇ ಯೋಚನೆ... ಛೇ, ಸೋಪು ಒಣಗಿದ್ರೆ ಇವನಿಗೆ ಉರಿಯತ್ತಲ್ಲ, ಚಿಕ್ಕಂದಿನಿಂದ ಇವನ ಚರ್ಮಾನೇ ಹಾಗೆ... ಸೆರಗಿನ ತುದಿ ನೆನೆಸ್ಕೊಂಡು, ಮೆಲ್ಲಗೆ, ಕಿವಿ ಹತ್ರದಿಂದ ಹೀಗೆ... ಹೀಗೆ ಒರೆಸಿದೆ. ಒರೆಸ್ತಾನೇ ಇದ್ದೆ, ಯಾರೋ ಬಂದು ನನ್ನ ರಟ್ಟೆ ಹಿಡಿದು...

ಒರೆಸಿದ್ಲು ಅಂದೆ. ಅವಳು. ಪಕ್ಕದ ಮನೆಯವಳು.

ಆಮೇಲೇನಾಯ್ತು ಅಂತ ಕೇಳಲ್ವಾ? ಕೇಳೋ. ಏನಾದ್ರೂ ಕೇಳು. ಇಷ್ಟು ಹೊತ್ತು ಇರುವೆ ಅಂತ, ಗೂಂಡಾನಾ ಅಂತ... ನಗು ಬೇಕಾದ್ರೆ. ಪಲ್ಟು?

ಹಾಗೆ ನೋಡಬೇಡವೋ.

...ಹೂಂ. ಪಕ್ಕದ ಮನೇಲಿ ಯಾರೂ ಇರ್ಲಿಲ್ಲ.

ಅವನು ಹೇಳಿದ ಆ ಒಣ ಕೊರಡು ನಾನೇ ಕಣಪ್ಪಾ. ಶವಾಗಾರದ ಬಾಗಿಲ ಹತ್ರ ಸಿಗರೇಟು ಹಚ್ಕೊಂಡು ನನ್ನ ನೋಡ್ತಾ ನಿಂತಿದ್ದೋನು ಇದೇ ತರಫ್ದಾರ್. ಗುಂಡು ಹೊಡೆದೋನೂ ಅವನೇ. ಮೇಲೆ ಪದಕ ಬೇರೆ. ಇವತ್ತು ಬೆಳಗ್ಗೆ ಟಾಲಿಗಂಜ್ ಸ್ಟುಡಿಯೋದ ವ್ಯಾನಿಂದ ಇಳಿದೆ ನೋಡು, ಅವನನ್ನ ಕಂಡು ಸೆರಗು ಮುಖಕ್ಕೆ ಎಳ್ಕೊಂಡೆ. ಗುರುತು ಹಿಡೀತಾನೆ, ಈಗ ಹಿಡೀತಾನೆ ಅಂತ. ಹಿಡೀಲಿಲ್ಲ! "ನಮಸ್ಕಾರ ದೀದಿ, ಟೀ ಆಯ್ತಾ?" ಅಂದ. ನನ್ನ ಮಗನ್ನ ನುಂಗಿದೋನಿಗೆ ನನ್ನ ಮುಖಾನೂ ನೆನಪಿಲ್ಲ, ಪಲ್ಟು!

ಏನ್ ಮಾಡ್ಲಿ? ಕಲ್ಲೆತ್ತಿ ಹಾಕ್ಲಾ? ಸಿನಿಮಾದಲ್ಲಾದ್ರೆ ಹೀರೋ ಇದ್ದಾನೆ. ನನಗ್ಯಾರಿದ್ದಾರೆ?

ಹೋ, ಬಿಸಿಲು ಬಂತು. ಡೈರೆಕ್ಟರು ಕರೀತಿದ್ದಾನೆ... ಹಾಂ, ರೆಡಿ ಸಾರ್! ರೆಡಿ ಇದ್ದೀವಿ!... ಬೇಗ ಕೇಳು. ನಾನು ಎದೆ ಬಡ್ಕೊಳ್ಳಲ್ಲ. ಚೀರಲ್ಲ. ನಿನ್ನ ಸುಬೀರ್ ಅಂತ ಕರಿಯೋದೂ ಇಲ್ಲ. ತರಫ್ದಾರ್ ಕೂತಿದ್ದಾನಲ್ಲ, ಆ ಕುರ್ಚಿ ಕಡೆ ಮುಖ ಮಾಡಿ ಘೋತನ್ ಅಂತೀನಿ. ಘೋತನ್ ಸರ್ಕಾರ್, ಟೋಟೋ ಓಡಿಸ್ತಿದ್ದೋನು, ನನ್ನ ಮಗ. ಕಟ್ ಅಂತಾರೆ, ಅನ್ಲಿ. ನನ್ನ ಓಡಿಸಿ ಬೇರೆ ತಾಯಿನ ತರ್ತಾರೆ, ತರ್ಲಿ. ಅಳೋರಿಗೇನು ಬರ ಈ ಊರಲ್ಲಿ! ಇಲ್ಲಾಂದ್ರೆ ಡಬ್ಬಿಂಗಲ್ಲಿ ನನ್ನ ಮಾತು ಅಳಿಸಿ ಸುಬೀರ್ ಅಂತ ತುಂಬ್ತಾರೆ. ತುಂಬ್ಕೊಳ್ಲಿ. ಅವನ ಕಿವಿಗೆ ಒಂದ್ಸಲ ಬಿದ್ದಿರತ್ತಲ್ಲ. ಅಲ್ಲಿಂದ ಹೇಗೆ ಅಳಿಸ್ತಾರೆ?

ಕೈ ಬಿಡು ಪಲ್ಟು. ಬಿಡಪ್ಪಾ, ಇಷ್ಟು ಬಿಗಿಯಾಗಿ ಹಿಡೀಬೇಡ... ಕಣ್ಣು ಮುಚ್ಕೋ. ಕ್ಯಾಮೆರಾ ಓಡ್ತಿದೆ.