ಹಳೇ ಥರದ ಹೊಸ ಸೀಟು

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಅಕ್ಕ-ತಮ್ಮನ ಮಾತಿನ ಕಡೆಗೇ ಇತ್ತು. ಅವರು ಪರವೂರಿಂದ ಬರಲಿದ್ದ ಅಪ್ಪನಿಗಾಗಿ ಕಾಯುತ್ತಿದ್ದರು. ಎದುರಿಗೆ, ತಮ್ಮ ಹೊಸದಾಗಿ ಕೆನೆಬಣ್ಣ ಬಳಿದು ಹೊಸ ಸೀಟು ಹಾಕಿಸಿದ್ದ ಅಪ್ಪನ ಸೈಕಲ್ ನಿಂತಿತ್ತು.

“ಅಪ್ಪನ್ನ ಒಂದು ಮಾತು ಕೇಳಿದ್ಯೇನೋ?”

“ಕೇಳಿದ್ರೆ ಬೇಡ ಅಂತಿದ್ರು ಅಕ್ಕ. ನೋಡು, ಅಜ್ಜನ ಕಾಲದ ಸೈಕಲ್ ಥರ ಇಲ್ವಾ?”

“ಅದು ಅಜ್ಜನ ಕಾಲದ ಸೈಕಲ್ಲೇ ಕಣೋ ಪುಣ್ಯಾತ್ಮ! ಆ ಚರ್ಮದ ಸೀಟೆಲ್ಲಿ?”

“ಗುಜರಿಗೆ ಹಾಕ್ದೆ. ಇದೂ ಹಾಗೇ ಕಾಣುತ್ತಲ್ಲ?”

“ಅಜ್ಜ ಕೂತೂ ಕೂತೂ ತಗ್ಗು ಬಿದ್ದಿದ್ದ ಸೀಟದು. ಅಪ್ಪ ವಾರ ವಾರ ಎಣ್ಣೆ ಹಚ್ಚಿ ಒರೆಸ್ತಿದ್ರಲ್ಲೋ.”

“ಅಯ್ಯೋ, ಹೆದರಿಸ್ಬೇಡ. ಗುಜರಿಯವನು ಇನ್ನೂ ಇಟ್ಕೊಂಡಿರ್ತಾನಾ?”

ಬಸ್ ಬಂತು. ಇಳಿದ ಅಪ್ಪ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದರು.

“ಯಾರದೋ ಇದು? ಚೆನ್ನಾಗಿದೆ. ನಂದು ತಂದಿಲ್ವಾ?”

“ತರ್ತಾನಪ್ಪ, ಈಗ ತರ್ತಾನೆ,” ಎನ್ನುತ್ತ ಅಕ್ಕ ಬ್ಯಾಗು ಎತ್ತಿಕೊಂಡು ಮನೆ ಕಡೆ ಹೊರಟಳು. ತಮ್ಮ ಆಗಲೇ ಗುಜರಿ ಅಂಗಡಿಯ ಕಡೆಗೆ ಎದ್ದೂಬಿದ್ದೂ ಪೆಡಲ್ ತುಳಿಯುತ್ತಿದ್ದ.